ಕಾಲಲ್ಲಿ ತುಳಿಯುವ ಮೌಸು

ಮನೆ ಬಿಡುವಾಗ ಗ್ಯಾಸಿನ ತಿರುಪನ್ನು ನಾನು ಮೂರು ಸಲ ನೋಡುತ್ತೇನೆ. ಎರಡನೇ ಸಲಕ್ಕೇ ಅದು ಬಂದ್ ಆಗಿದೆ ಎಂದು ಗೊತ್ತಾಗಿರುತ್ತದೆ. ಮೂರನೆಯದು ಯಾತಕ್ಕೂ ಇರಲಿ ಅಂತ. ಗೇಟಿನ ಬೀಗ ಎಳೆದು ನೋಡಿ, ಬೀದಿಯ ತಿರುವಿನ ತನಕ ಹೋಗಿ, ವಾಪಸು ಬಂದು ಮತ್ತೆ ಎಳೆಯುವುದನ್ನು ಕಂಡ ಎದುರು ಮನೆಯವರು ಮೊದಮೊದಲು ಏನಾದರೂ ಕಳೆದುಹೋಯಿತೇ ಎಂದು ವಿಚಾರಿಸುತ್ತಿದ್ದರು. ಈಗ ವಿಚಾರಿಸುವುದಿಲ್ಲ. ಪುಣ್ಯಕ್ಕೆ ಈ ರೋಗಕ್ಕೆ ಸಂಬಳ ಕೊಡುವವರೂ ಸಿಕ್ಕಿದ್ದಾರೆ. ಹೊಸಕೋಟೆ ಹತ್ತಿರದ ಒಂದು ಕಾರ್ಖಾನೆಯಲ್ಲಿ ವೈರಿನ ಜೋಡಣೆಗಳನ್ನು ಪರೀಕ್ಷಿಸುವುದು ನನ್ನ ಕೆಲಸ. ಬೇರೆಯವರು ಹಾಕಿದ ಬೆಸುಗೆಯನ್ನು ನಂಬದೆ ಇರುವುದು ಎಂದು ಬೇಕಾದರೂ ಹೇಳಬಹುದು. ಹೊಸದಾಗಿ ಸೇರಿದ ಹುಡುಗಿಯರು ನಿಮಗೆ ಇಷ್ಟೊಂದು ಅನುಮಾನ ಎಲ್ಲಿಂದ ಬಂತು ಮೇಡಂ ಎಂದು ಕೇಳಿದಾಗ, ಅನುಭವ ಎಂದು ಗಂಭೀರವಾಗಿ ಹೇಳಿ ಮುಂದೆ ಹೋಗುತ್ತೇನೆ. ನಿಜ ಹೇಳಬೇಕೆಂದರೆ ಅದು ಜಡಿಗೇನಹಳ್ಳಿಯ ನಮ್ಮ ನಡುಮನೆಯಿಂದ ಬಂತು. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಒಂದು ಹಳೇ ಮೌಸಿಗೆ ಹಾಕಿದ ಎರಡು ಬೆಸುಗೆಗಳಿಂದ ಬಂತು.

ನಡುಮನೆ ಎಂದರೆ ನಮ್ಮಲ್ಲಿ ಎಲ್ಲವೂ ಆಗಿತ್ತು. ಒಂದು ಗೋಡೆಗೆ ದೇವರ ಗೂಡು, ಅದರ ಎದುರು ಕಿಟಕಿಯ ಬೆಳಕಿಗೆ ಅಮ್ಮನ ಹೊಲಿಗೆ ಮಿಷನ್ನು, ಮೂಲೆಯಲ್ಲಿ ರಾಗಿ ಮೂಟೆಗಳು, ಮೂಟೆಗಳ ಮೇಲೆ ನಾವು ಓದಿ ಎಸೆದ ಪುಸ್ತಕಗಳು. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ಕೂರುತ್ತಿದ್ದ ಜಾಗವಿತ್ತು. ಅಲ್ಲಿಂದ ಬೀದಿಬಾಗಿಲು, ಹಿತ್ತಲ ಬಾಗಿಲು, ಒಲೆ, ದೇವರು ನಾಲ್ಕೂ ಕಾಣುತ್ತಿದ್ದವು. ಕಾಲು ಚಾಚಿ ಮೊರದಲ್ಲಿ ಅವರೆಕಾಯಿ ಸುಲಿಯುತ್ತಲೇ ಅವಳು ಇಡೀ ಮನೆಯನ್ನು ನಡೆಸುತ್ತಿದ್ದಳು. ಯಾರದ್ದಾದರೂ ಕಾಲು ಪುಸ್ತಕಕ್ಕೆ ತಾಗಿದರೆ, ತಲೆ ಎತ್ತದೆಯೇ ಅವಳ ಗಂಟಲಿನಿಂದ "ಹ್ಞೂಂ" ಎಂದು ಒಂದು ಸದ್ದು ಬರುತ್ತಿತ್ತು. ತಾಗಿಸಿದವರು ಬಗ್ಗಿ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳಬೇಕು. ಅದು ವಿದ್ಯೆ, ವಿದ್ಯೆ ಸರಸ್ವತಿ, ಸರಸ್ವತಿಗೆ ಕಾಲು ತಾಗಿಸಬಾರದು. ಅಜ್ಜಿಗೆ ಒಂದಕ್ಷರವೂ ಬರುತ್ತಿರಲಿಲ್ಲ. ಅದಕ್ಕೇ ಅಕ್ಷರದ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟು ಎಂದು ಈಗ ಅನ್ನಿಸುತ್ತದೆ.

ಅಪ್ಪನ ತಮ್ಮ ಮುನಿರಾಜು ಚಿಕ್ಕಪ್ಪ ಪಿಲ್ಲಗುಂಪೆಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮೇಲೆ ಕೆಲಸಕ್ಕಿದ್ದ. ಇನ್ನೂ ಮದುವೆಯಾಗಿರಲಿಲ್ಲ. ಊರಿನಲ್ಲಿ ಯಾರ ಮನೆಯ ರೇಡಿಯೋ ಕೆಟ್ಟರೂ ಬಿಚ್ಚಿ ಕೂರುತ್ತಿದ್ದ. ಒಂದು ದಿನ ಪ್ರೆಸ್ಸು ಬಲಗೈಯ ನಾಲ್ಕು ಬೆರಳು ತೆಗೆದುಕೊಂಡಿತು. ಉಳಿದ ಹೆಬ್ಬೆರಳು ಗೂಟದ ಹಾಗೆ ನೆಟ್ಟಗೆ ನಿಂತುಬಿಟ್ಟಿತ್ತು, ಬಗ್ಗುತ್ತಿರಲಿಲ್ಲ. ನೋಡಲು ಬಂದವರ ಮುಂದೆ ಅವನೇ ಅದನ್ನು ಎತ್ತಿ ತೋರಿಸಿ, "ಪೀಯೂಸಿ ಪಾಸಾದೋನು ಈಗ ಹೆಬ್ಬೆಟ್ಟು" ಎಂದು ನಗಿಸುತ್ತಿದ್ದ. ಬಂದವರು ಹೋದ ಮೇಲೆ ಮಾತಾಡುತ್ತಿರಲಿಲ್ಲ. ಎಡಗೈಯಲ್ಲಿ ಉಣ್ಣುವುದು ನಮ್ಮ ಮನೆಯಲ್ಲಿ ಇರಲಿಲ್ಲ. ಹಾಗಾಗಿ ಅಜ್ಜಿ ಅವನ ಎದುರು ಕೂತು, ಮುದ್ದೆ ಮುರಿದು ಸೊಪ್ಪಿನ ಸಾರಿನಲ್ಲಿ ಅದ್ದಿ, ಇಪ್ಪತ್ತಾರು ವರ್ಷದ ಮಗನ ಬಾಯಿಗೆ ಇಡುತ್ತಿದ್ದಳು. ಅವನು ಗೋಡೆ ನೋಡುತ್ತ ನುಂಗುತ್ತಿದ್ದ. ಒಂದು ಮಧ್ಯಾಹ್ನ ಅವನು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡು ಎಡಗೈ ಹಾಕಿದ. ಅಜ್ಜಿ ಎದ್ದು ಹೋಗಿ ಕೊಟ್ಟಿಗೆಯಲ್ಲಿ ಕೂತಳು. ಆ ಹೊತ್ತು ಊಟ ಮಾಡಲಿಲ್ಲ. ಮರುದಿನ ಬಡಿಸುವಾಗ ಉಪ್ಪು, ಈರುಳ್ಳಿಯನ್ನು ತಾನಾಗಿಯೇ ತಟ್ಟೆಯ ಎಡಕ್ಕೆ, ಆ ಕೈಗೆ ಸಿಗುವಂತೆ ಇಟ್ಟಳು. ಅಷ್ಟೇ. ಆ ಜಗಳ ಅಲ್ಲಿಗೆ ಮುಗಿಯಿತು ಎಂದುಕೊಂಡೆವು.

ಕಾರ್ಖಾನೆಯ ಸ್ಟೋರಿನ ಸಾಹೇಬರು ಹೇಳಿ ಕಳಿಸಿದ್ದರು: ಪ್ರೆಸ್ಸಿಗೆ ಇನ್ನು ಆಗುವುದಿಲ್ಲ, ಆದರೆ ಸ್ಟೋರಿನಲ್ಲಿ ಒಂದು ಸೀಟು ಖಾಲಿ ಇದೆ. ಒಳಗೆ ಬರುವ, ಹೊರಗೆ ಹೋಗುವ ಸಾಮಾನಿನ ಚೀಟಿಗಳನ್ನು ಕಂಪ್ಯೂಟರಿಗೆ ಹಾಕುವ ಕೆಲಸ. ಮೂವತ್ತು ಚೀಟಿಯನ್ನು ಅರ್ಧ ಗಂಟೆಯಲ್ಲಿ ಹಾಕಿ ತೋರಿಸಬೇಕು. ಒಂದೂವರೆ ತಿಂಗಳು ಟೈಮು. ಆಗದಿದ್ದರೆ ಪರಿಹಾರ ತೆಗೆದುಕೊಂಡು ಮನೆಯಲ್ಲಿರುವುದು. ಅಪ್ಪ ಹೊಸಕೋಟೆಗೆ ತರಕಾರಿ ಹಾಕಲು ಹೋಗಿದ್ದವನು, ಬಾಗಿಲು ಮುಚ್ಚುತ್ತಿದ್ದ ಒಂದು ಕಂಪ್ಯೂಟರ್ ಕ್ಲಾಸಿನಿಂದ ಹಳೆಯದೊಂದನ್ನು ಖಾಲಿ ಟೊಮೇಟೊ ಪೆಟ್ಟಿಗೆಗಳ ನಡುವೆ ಇಟ್ಟು ಟೆಂಪೋದಲ್ಲಿ ತಂದ. ಅಮ್ಮನ ಮಿಷನ್ನಿನ ಪಕ್ಕ ಬೆಂಚು ಹಾಕಿ ಇಟ್ಟೆವು. ಇದರಲ್ಲಿ ಏನು ಮಾಡುತ್ತಾರೆ ಎಂದು ಅಜ್ಜಿ ಕೇಳಿದಳು. ವಿದ್ಯೆ ಎಂದ ಚಿಕ್ಕಪ್ಪ. ಆ ಮಾತನ್ನು ಅವನು ಯೋಚಿಸಿ ಆಡಬೇಕಿತ್ತು. ಅಜ್ಜಿ ಎದ್ದು ಟಿವಿಯಂಥ ಅದರ ಹಣೆಗೆ ಕುಂಕುಮವಿಟ್ಟಳು.

ಚಿಕ್ಕಪ್ಪನಿಗೆ ಕೆಲಸ ತಿಳಿಯಲು ವಾರ ಸಾಕಾಯಿತು. ತೊಡಕಾದದ್ದು ಕೈ. ಎಡಗೈಯಲ್ಲಿ ಅಕ್ಷರ ಒತ್ತಬೇಕು, ಪ್ರತಿ ಚೀಟಿಗೂ ಆರೇಳು ಸಲ ಮೌಸಿನ ಬಾಣವನ್ನು ಒಂದೊಂದು ಖಾನೆಗೆ ಒಯ್ದು ಬಟನ್ ಒತ್ತಬೇಕು. ಇರುವುದೊಂದೇ ಕೈ ಅಲ್ಲಿಂದಿಲ್ಲಿಗೆ ಓಡಾಡುವುದರಲ್ಲೇ ಹೊತ್ತು ಹೋಗುತ್ತಿತ್ತು. ಬಲಗೈಯ ಅಂಗೈಯಲ್ಲಿ ಮೌಸನ್ನು ಚೆನ್ನಾಗಿಯೇ ತಳ್ಳುತ್ತಿದ್ದ. ಬಟನ್ ಒತ್ತಲು ಮಾತ್ರ ಬೆರಳಿರಲಿಲ್ಲ. ಒಂದು ದಿನ ಹಾಗೇ ಸುಮ್ಮನೆ ಕೂತವನು ಅಮ್ಮ ರವಿಕೆ ಹೊಲಿಯುವುದನ್ನು ನೋಡುತ್ತಲೇ ಇದ್ದ.

"ವನಜಾ, ನಿಮ್ಮಮ್ಮನ್ನ ನೋಡು. ಎರಡು ಕೈಯಲ್ಲೂ ಬಟ್ಟೆ ಹಿಡ್ಕೊಂಡವ್ರೆ. ಮಿಷನ್ ಓಡ್ತಾನೇ ಐತೆ."

"ಕಾಲಲ್ಲಿ ತುಳೀತಾವ್ಳಲ್ಲ."

"ನಂಗೂ ಕಾಲೈತಲ್ಲೇ."

ಹೀಗೆ ಶುರುವಾಯಿತು. ಮೌಸಿನ ಹೊಟ್ಟೆಯ ತಿರುಪು ಬಿಚ್ಚಿದರೆ ಒಳಗೆ ಒಂದು ರಬ್ಬರ್ ಗುಂಡು, ಎರಡು ಉರುಳೆ, ಅವಕ್ಕೆ ಸುತ್ತಿಕೊಂಡ ಯಾರ್‍ಯಾರದೋ ಕೈಕೊಳೆ. ಬಟನ್ನಿನ ಅಡಿಯಲ್ಲಿ ಉದ್ದಿನಕಾಳಿನ ಬಣ್ಣದ ಒಂದು ಪುಟ್ಟ ಸ್ವಿಚ್ಚು. ಬಟನ್ ಒತ್ತಿದಾಗ ಆ ಸ್ವಿಚ್ಚಿನ ಎರಡು ಕಾಲು ಒಂದಕ್ಕೊಂದು ಸೇರುತ್ತವೆ, ಅಷ್ಟೇ ವಿಷಯ ಎಂದ ಚಿಕ್ಕಪ್ಪ. ಆ ಎರಡು ಕಾಲಿಗೆ ಎರಡು ವೈರು ಬೆಸೆದು ಹೊರಗೆ ತಂದು, ಮನೆಬಾಗಿಲ ಕರೆಗಂಟೆಗೆ ಹಾಕುವಂಥ ಸ್ವಿಚ್ಚಿಗೆ ಕೊಟ್ಟರೆ, ಅದನ್ನು ಎಲ್ಲಿ ಒತ್ತಿದರೂ ಬಟನ್ ಒತ್ತಿದ ಹಾಗೆಯೇ. ಹೇಳುವುದು ಅವನು, ಕೈ ನನ್ನದು. ರೇಡಿಯೋ ರಿಪೇರಿಗೆಂದು ಅವನು ಇಟ್ಟುಕೊಂಡಿದ್ದ ಕರೆಂಟಿನ ಬೆಸುಗೆ ಕಡ್ಡಿ ಹಿಡಿದು ನಾನು ಬಗ್ಗಿದರೆ ಅವನು ಕಿವಿಯ ಹತ್ತಿರ ಹೇಳುತ್ತಿದ್ದ.

"ಸೀಸ ಹೊಳೀಬೇಕು ಕಣೇ. ಹೊಳೆದ್ರೆ ಹಿಡ್ಕೊಂಡೈತೆ ಅಂತ. ಮಂಕಾಗಿದ್ರೆ ಸುಳ್ಳು ಬೆಸುಗೆ, ಯಾವಾಗ ಕೈ ಕೊಡ್ತದೋ ಗೊತ್ತಾಗಲ್ಲ."

ಟೊಮೇಟೊ ಪೆಟ್ಟಿಗೆಯ ಎರಡು ಹಲಗೆ ತುಂಡಿಗೆ ಹಳೇ ಟ್ರಂಕಿನ ಕೀಲು ಹಾಕಿ, ನಡುವೆ ಆ ಸ್ವಿಚ್ಚು, ಪಕ್ಕದಲ್ಲಿ ಟಾರ್ಚಿನ ಸ್ಪ್ರಿಂಗು ಕೂರಿಸಿದೆವು. ಕಾಲು ಜಾರದಿರಲಿ ಎಂದು ಮೇಲಿನ ಹಲಗೆಗೆ ಸವೆದ ಹವಾಯಿ ಚಪ್ಪಲಿಯ ಒಂದು ತುಂಡು ಅಂಟಿಸಿದ್ದು ನನ್ನ ಸ್ವಂತ ಬುದ್ಧಿ. ಚಿಕ್ಕಪ್ಪ ಬೆಂಚಿನ ಮುಂದೆ ಕೂತು ತುಳಿದ. ಟಕ್ ಎಂದಿತು. ಪರದೆಯ ಮೇಲೆ ಖಾನೆ ತೆರೆಯಿತು. ಅವನು ನನ್ನ ಕಡೆ ನೋಡಿ ನಕ್ಕ. ಕೈ ಹೋದ ಮೇಲೆ, ನೋಡಲು ಯಾರೂ ಬಂದಿಲ್ಲದಾಗ ಅವನು ನಕ್ಕದ್ದು ಅದೇ ಮೊದಲು. ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತ್ತು.

"ಅದೇನ್ಲಾ ಕಾಲಲ್ಲಿ?"

"ಕಂಪ್ಯೂಟ್ರು ಒತ್ತೋಕೆ ಕಣವ್ವ."

"ವಿದ್ಯೆ ಅಂದಿದ್ದಿ. ಅದ್ಕೇ ನಾನು ಕುಂಕುಮ ಇಟ್ಟೆ. ಈಗ ಅದನ್ನ ತುಳೀತಿದ್ದೀಯ."

"ತುಳೀತಿರೋದು ಹಲಗೇನವ್ವ. ಕಂಪ್ಯೂಟ್ರು ಮೇಲೈತೆ."

"ಆ ವೈರು ಎಲ್ಲಿಗೋಗೈತೆ? ನಂಗೇನು ಕಣ್ಣು ಕಾಣಲ್ವಾ?" ಅಜ್ಜಿ ಹತ್ತಿರ ಬಂದು ಬಗ್ಗಿ ನೋಡಿದಳು. "ಬರೀ ಕಾಲು ಸಾಲ್ದು ಅಂತ ಚಪ್ಪಲಿ ಬೇರೆ."

ಅಮ್ಮ ಮಿಷನ್ ನಿಲ್ಲಿಸಿ ಮೆಲ್ಲಗೆ ಹೇಳಿದಳು.

"ಅತ್ತೆ, ನಾನೂ ದಿನಾ ಇದನ್ನ ತುಳೀತೀನಲ್ಲ. ಆಯುಧಪೂಜೇಲಿ ನೀವೇ ಇದಕ್ಕೆ ಹೂವಿಡ್ತೀರ."

"ಅದು ಹೊಲಿಯೋದು ಕಣಮ್ಮ. ಇದು ಓದೋದು." ಆಮೇಲೆ ಮಗನ ಕಡೆ ತಿರುಗಿದಳು. "ಎಡಗೈ ಬಿಟ್ಟೆ. ಕಾಲು ಬಿಡಲ್ಲ."

ಅವಳು ತನ್ನ ಹಳೇ ಸೀರೆಯೊಂದನ್ನು ತಂದು ಕಂಪ್ಯೂಟರಿನ ಮೇಲೆ ಹೊದಿಸಿ, ಮೊರವನ್ನು ಅದರ ಮುಂದಕ್ಕೇ ತಂದಿಟ್ಟುಕೊಂಡು ಕೂತಳು. ಎರಡು ದಿನ ಹಾಗೇ ಇದ್ದಳು. ಚಿಕ್ಕಪ್ಪ ಜಗಲಿಯ ಮೇಲೆ ಕೂತ. ತಾಯಿ ಮಗ ಮಾತಾಡಲಿಲ್ಲ. ಇಬ್ಬರಿಗೂ ಅಮ್ಮ ಬಡಿಸುತ್ತಿದ್ದಳು, ಇಬ್ಬರೂ ಅರ್ಧ ಮುದ್ದೆ ಬಿಡುತ್ತಿದ್ದರು. ನಾನು ಕ್ಯಾಲೆಂಡರಿನ ಮುಂದೆ ನಿಂತು ದಿನ ಎಣಿಸುತ್ತಿದ್ದೆ. ಮೂರು ವಾರ ಉಳಿದಿತ್ತು, ಮೂರು ವಾರಕ್ಕೆ ಎರಡು ದಿನ ಕಡಿಮೆಯಾಯಿತು. ಜಗಲಿಯಲ್ಲಿ ಚಿಕ್ಕಪ್ಪ ನನಗೊಬ್ಬಳಿಗೆ ಹೇಳಿದ.

"ಆ ಸೀಟು ಸಿಗಲಿಲ್ಲ ಅಂದ್ರೆ ಅಷ್ಟೇ ಕಣೇ. ಸಾಯೋಗಂಟ ಇವಳ ಕೈಯಲ್ಲಿ ತುತ್ತು ತಿನ್ಕೊಂಡು ಬಿದ್ದಿರಬೇಕು."

ಮೂರನೇ ದಿನ ಅಪ್ಪ ಬಾಯಿಬಿಟ್ಟ. ಅಪ್ಪ ಮನೆಯಲ್ಲಿ ಮಾತಾಡುವುದೇ ಕಡಿಮೆ. ಸೊಪ್ಪಿಗೆ ನೀರು ಬಿಟ್ಟು ಬಂದು, ಕಾಲು ತೊಳೆದು, ತಟ್ಟೆಯ ಮುಂದೆ ಕೂತು, ಸಾರಿನ ರುಚಿ ಹೇಳುವಷ್ಟೇ ಸಲೀಸಾಗಿ ಹೇಳಿದ.

"ಪುಸ್ತಕಕ್ಕೆ ಕಾಲು ತಾಗಿದ್ರೆ ಏನ್ ಮಾಡ್ತೀವವ್ವ? ಮುಟ್ಟಿ ಕಣ್ಣಿಗೊತ್ಕೊತೀವಿ. ಅವ್ನೂ ಒತ್ಕೊಳ್ಳಲಿ ಬಿಡು."

ಅಜ್ಜಿ ಎದ್ದು ಕಂಪ್ಯೂಟರಿನ ಮೇಲಿನ ಸೀರೆ ಎಳೆದು ಮಡಚಿದಳು.

"ಪ್ರತಿ ಸಲಾನೂ ಒತ್ಕೋಬೇಕು."

"ಪ್ರತಿ ಸಲಾನೂ," ಎಂದ ಚಿಕ್ಕಪ್ಪ.

ಎಲ್ಲರಿಗೂ ಸಮಾಧಾನವಾಯಿತು. ಆ ದಿನ ಎಲ್ಲರೂ ಪೂರ್ತಿ ಮುದ್ದೆ ಉಂಡರು. ಗಡಿಯಾರವನ್ನು ಒಂದು ಮಾತು ಕೇಳಬೇಕಿತ್ತು ಎಂದು ನಮ್ಮ ಮನೆಯ ಅಷ್ಟು ಜನರಲ್ಲಿ ಯಾರಿಗೂ ಹೊಳೆಯಲಿಲ್ಲ. ಚಿಕ್ಕಪ್ಪ ತುಳಿಯುತ್ತಿದ್ದ, ಟಕ್. ಎಡಗೈ ಎತ್ತಿ ಬೆಂಚು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ. ಮತ್ತೆ ಅಕ್ಷರಗಳ ಮೇಲೆ ಕೈ ಇಟ್ಟು ಎಲ್ಲಿ ಬಿಟ್ಟಿದ್ದೆ ಎಂದು ಹುಡುಕುತ್ತಿದ್ದ. ಆರೇಳು ಸಲ ಒಂದು ಚೀಟಿಗೆ, ಮೂವತ್ತು ಚೀಟಿ. ಮರೆತರೆ ಬಾಗಿಲಿನಿಂದ "ಹ್ಞೂಂ" ಬರುತ್ತಿತ್ತು. ನಾನು ಗೋಡೆ ಗಡಿಯಾರವನ್ನು ಇಳಿಸಿ ಮಡಿಲಲ್ಲಿ ಇಟ್ಟುಕೊಂಡು ಕೂತೆ. ಮೊದಲ ದಿನ ಐವತ್ತು ನಿಮಿಷ. ವಾರ ಕಳೆದರೆ ನಲವತ್ತೈದು. ಎರಡು ವಾರಕ್ಕೆ ನಲವತ್ತೆರಡು. ಅಲ್ಲಿಗೆ ನಿಂತುಬಿಟ್ಟಿತು. ಒಮ್ಮೆ ಅಜ್ಜಿ ಹಸು ಕರೆಯಲು ಹೋದಾಗ, ಈಗ ಒತ್ತಿಕೊಳ್ಳಬೇಡ ಎಂದು ನಾನು ಪಿಸುಗುಟ್ಟಿದೆ. ಚಿಕ್ಕಪ್ಪ ಹಲ್ಲು ಕಚ್ಚಿ ಕೈಯನ್ನು ಅಕ್ಷರದ ಮೇಲೇ ಅದುಮಿ ಹಿಡಿದ. ಚೀಟಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಆದರೆ ನಾಲ್ಕನೇ ಚೀಟಿಗೆ ಕೈ ತಾನಾಗಿಯೇ ಎದ್ದು ಕಣ್ಣಿಗೆ ಹೋಗಿತ್ತು. ಅವನು ತನ್ನ ಕೈಯನ್ನೇ ನೋಡುತ್ತ ಕೂತ.

"ಇರೋದೊಂದು ಕೈ. ಅದೂ ನನ್ ಮಾತು ಕೇಳ್ತಿಲ್ಲ," ಎಂದ.

ಪರೀಕ್ಷೆಯ ಹಿಂದಿನ ದಿನ ಬೆಳಿಗ್ಗೆ, ಕೂರುವ ಜಾಗ ನೋಡಿ ಬರುತ್ತೇನೆ ಎಂದು ಚಿಕ್ಕಪ್ಪ ಪಿಲ್ಲಗುಂಪೆಗೆ ಹೋದ. ನಿಮ್ಮ ಮೌಸು ನೀವೇ ತನ್ನಿ, ನಮಗೇನು ಎಂದು ಸಾಹೇಬರು ಮೊದಲೇ ಒಪ್ಪಿದ್ದರು. ವಾಪಸು ಬಂದವನು ಒಳಗೆ ಬರದೆ ಬಾಗಿಲಲ್ಲೇ ನಿಂತ.

"ವನಜಾ, ಅಲ್ಲಿ ತೂತು ದುಂಡಗೈತೆ."

ನಮ್ಮ ಮೌಸಿನ ಬಾಲದ ತುದಿ ಅಗಲ, ಚಪ್ಪಟೆ, ಒಂಬತ್ತು ತೂತಿನದು. ಆಫೀಸಿನ ಹೊಸ ಕಂಪ್ಯೂಟರಿನ ಹಿಂದೆ ಅದು ಕೂರುವ ಜಾಗವೇ ಇರಲಿಲ್ಲ. ಕಿರುಬೆರಳಿನ ಗಾತ್ರದ ಒಂದು ದುಂಡು ತೂತಿತ್ತು. ಸಿಕ್ಕಿದ ಬಸ್ಸು ಹತ್ತಿ ಇಬ್ಬರೂ ಹೊಸಕೋಟೆಗೆ ಓಡಿದೆವು. ಕಂಪ್ಯೂಟರ್ ರಿಪೇರಿ ಅಂಗಡಿಯವನು ಚಪ್ಪಟೆ ತುದಿಯನ್ನು ದುಂಡಗೆ ಮಾಡುವ ಒಂದು ಮೂತಿ ಹಾಕಿ ತನ್ನ ಮಿಷನ್ನಿಗೆ ಚುಚ್ಚಿ ತೋರಿಸಿದ. ಬಾಣ ಅಲುಗಲಿಲ್ಲ.

"ಮೂತಿ ಬದಲಾಯ್ಸಿದ್ರೆ ಆಗಲ್ಲ ಗುರು. ನಿನ್ ಮೌಸು ಮಾತಾಡೋದೇ ಒಂದು, ಈ ಮಿಷನ್ನಿಗೆ ಅರ್ಥ ಆಗೋದೇ ಇನ್ನೊಂದು."

ಅವನು ಮೇಜಿನ ಕೆಳಗಿನ ಕಸದ ಡಬ್ಬ ಎಳೆದು, ಒಂದಕ್ಕೊಂದು ಬಾಲ ಸುತ್ತಿಕೊಂಡಿದ್ದ ಮೌಸುಗಳಲ್ಲಿ ಒಂದನ್ನು ಬಿಡಿಸಿದ. ದುಂಡು ತುದಿಯದು.

"ಇದ್ರಲ್ಲಿ ಬಾಣ ಓಡಾಡ್ತದೆ. ಎಡಗಡೆ ಬಟನ್ ಸತ್ತೋಗಿದೆ, ಅದಕ್ಕೇ ಬಿಸಾಕಿದ್ದು."

ಚಿಕ್ಕಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿದ.

"ಬೆರಳಿಲ್ಲದೋನಿಗೆ ಬಟನ್ ಇಲ್ಲದ ಮೌಸು. ಜೋಡಿ ಸರಿಯಾಗೈತೆ. ಕೊಡಿ."

ಅಂಗಡಿಯವನು ಏನೂ ತೆಗೆದುಕೊಳ್ಳದೆ ಕೊಟ್ಟ. ಅವನಲ್ಲಿ ಬೆಸುಗೆ ಕಡ್ಡಿ ಇರಲಿಲ್ಲ. ನಮ್ಮದು ಮನೆಯಲ್ಲಿತ್ತು. ಮೂರು ಗಂಟೆಗೆ ಮನೆ ಸೇರಿ, ಹಳೇ ಮೌಸಿನಿಂದ ಆ ತುಳಿಯುವ ಹಲಗೆಯ ಪೆಡಲನ್ನು ಕತ್ತರಿಸಿ ತೆಗೆದು, ಹೊಸದರ ಹೊಟ್ಟೆ ಬಿಚ್ಚಿ, ಬೆಸುಗೆ ಕಡ್ಡಿಯನ್ನು ಚುಚ್ಚಿ ಸ್ವಿಚ್ಚು ಹಾಕಿದರೆ ಕರೆಂಟಿರಲಿಲ್ಲ. ನಮ್ಮೂರಲ್ಲಿ ಕರೆಂಟು ಹೋದರೆ ಯಾವಾಗ ಬರುತ್ತದೆ ಎಂದು ಕೇಳುವ ಅಭ್ಯಾಸವೇ ಇರಲಿಲ್ಲ. ನಾಲ್ಕಾಯಿತು. ಐದಾಯಿತು. ನಾನು ಬಲ್ಬನ್ನೇ ನೋಡುತ್ತ ಕೂತಿದ್ದೆ. ಚಿಕ್ಕಪ್ಪ ಕಿಟಕಿಯ ಬೆಳಕು ಕಡಿಮೆಯಾಗುವುದನ್ನು ನೋಡುತ್ತಿದ್ದ. ಒಲೆಯ ಮುಂದೆ ಕೂತಿದ್ದ ಅಜ್ಜಿ, ಒಲೆಗೇ ಹೇಳುವವಳಂತೆ ಹೇಳಿದಳು.

"ಪಾತ್ರೆಗೆ ಕಲಾಯಿ ಹಾಕೋನು ಬರ್ತಿದ್ನಲ್ಲ. ಅವನಿಗೆ ಯಾವ ಕರೆಂಟಿತ್ತು."

ಚಿಕ್ಕಪ್ಪ ತಲೆ ಎತ್ತಿದ. ತಾಯಿ ಮಗ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವನು ಹೇಳಿದಂತೆ ನಾನು ಬೆಸುಗೆ ಕಡ್ಡಿಯ ತುದಿಯ ತಾಮ್ರವನ್ನು ಬಿಚ್ಚಿ ಇಕ್ಕಳದಲ್ಲಿ ಹಿಡಿದೆ. ಅಜ್ಜಿ ಒಡೆದ ಮಡಕೆಯ ಓಡಿಗೆ ಕೆಂಡ ಎಳೆದು ಹಾಕಿ, ಊದುಗೊಳವೆಯಲ್ಲಿ ಊದಿದಳು. ತಾಮ್ರ ಕಾಯುವುದು, ಓಡಿಬಂದು ಮುಟ್ಟಿಸುವುದು, ಆರಿಹೋಗುವುದು, ಮತ್ತೆ ಓಡುವುದು. ಮೊದಲನೇ ಬೆಸುಗೆ ಹೊಳೆಯಿತು. ಎರಡನೆಯದು ಮಂಕಾಗಿ, ಬೂದಿ ಮೆತ್ತಿದ ಹಾಗೆ ನಿಂತಿತು. ಮತ್ತೆ ಕಾಯಿಸಿದೆ, ಮತ್ತೆ ಮಂಕು. ಮೂರನೇ ಸಲ ಪ್ಲಾಸ್ಟಿಕ್ ಕರಗುವ ವಾಸನೆ ಬಂತು.

"ಸಾಕು ಬಿಡು," ಎಂದ ಚಿಕ್ಕಪ್ಪ. "ಇನ್ನು ಕಾಯಿಸಿದ್ರೆ ಅಡಿ ತಗಡೇ ಎದ್ಬರ್ತದೆ."

"ಚಿಕ್ಕಪ್ಪ, ಮಂಕಾಗೈತೆ."

"ಕಾಣ್ತದೆ."

ಪರೀಕ್ಷೆ ಮಾಡಿ ನೋಡುವಂತೆಯೂ ಇರಲಿಲ್ಲ. ನಮ್ಮ ಕಂಪ್ಯೂಟರಿಗೆ ದುಂಡು ತೂತಿಲ್ಲ. ಸುಳ್ಳು ಬೆಸುಗೆ ಹಾಕಿದ್ದು ನಾನು, ಅದರ ಮೇಲೆ ಕೂರುವುದು ಅವನ ಸೀಟು. ಅಲ್ಲಿಂದ ಇಲ್ಲಿಯವರೆಗೆ ನಾನು ಎಷ್ಟೋ ಸಾವಿರ ಬೆಸುಗೆ ನೋಡಿದ್ದೇನೆ. ಕಣ್ಣು ಮುಚ್ಚಿದರೆ ಕಾಣುವುದು ಆ ಬೂದಿ ಬಣ್ಣದ್ದೊಂದೇ.

ಬೆಳಿಗ್ಗೆ ಹೊರಡುವಾಗ ಅಜ್ಜಿ ಮದುವೆಗೆ ಹೋಗುವ ಸೀರೆ ಉಟ್ಟು ಜಗಲಿಯಲ್ಲಿ ನಿಂತಿದ್ದಳು.

"ನಾನೂ ಬರ್ತೀನಿ."

"ಅಲ್ಲೂ ಕಾಯೋಕಾ ಅವ್ವ?"

"ಹ್ಞೂಂ. ಅಲ್ಲಿ ನೀನು ಒತ್ಕೊಂಡ್ಯೋ ಇಲ್ವೋ ಯಾರು ನೋಡ್ತಾರೆ?"

ಚಿಕ್ಕಪ್ಪ ಮುಂದೆ ನಡೆದ. ಬಸ್ಸಿನಲ್ಲಿ ನಾನು ಚೀಲವನ್ನು ತುಂಬಿದ ಹಾಲಿನ ಕ್ಯಾನಿನ ಹಾಗೆ ತೊಡೆಯ ಮೇಲೆ ಹಿಡಿದು ಕೂತೆ. ರಸ್ತೆ ಕುಲುಕಿದಾಗಲೆಲ್ಲ ಎತ್ತಿ ಹಿಡಿಯುತ್ತಿದ್ದೆ. ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಚೀಲ ಬಿಚ್ಚಿ, ಹಲಗೆ, ಚಪ್ಪಲಿ ತುಂಡು, ವೈರು ಎಲ್ಲ ಎಳೆದು ನೋಡಿ ಇದೇನಮ್ಮಾ ಎಂದ. ಮೌಸು ಎಂದೆ. ಎಳೀಬೇಡಿ ಅಣ್ಣ ಎಂದು ಅಳುವ ದನಿಯಲ್ಲಿ ಸೇರಿಸಿದ್ದಕ್ಕೋ ಏನೋ, ಬಿಟ್ಟ. ಸ್ಟೋರಿನ ಕೋಣೆಯಲ್ಲಿ ಸಾಹೇಬರು ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಏನಾದರೂ ಕಿತ್ತುಹೋದರೆ ನೋಡಿಕೊಳ್ಳಲಿ ಎಂದು ನನ್ನನ್ನು ಒಳಗೆ ಬಿಟ್ಟರು; ಅಜ್ಜಿಗೆ ಬಾಗಿಲ ಬಳಿ ಒಂದು ಸ್ಟೂಲು. ಎಡಗಡೆ ಮೂವತ್ತು ಚೀಟಿ, ಬಲಗಡೆ ಖಾಲಿ. ನಾನು ದುಂಡು ತುದಿ ಚುಚ್ಚಿ ಕಂಪ್ಯೂಟರ್ ಹಾಕಿದೆ. ಬಾಣ ಓಡಿತು. ಚಿಕ್ಕಪ್ಪ ಚಪ್ಪಲಿ ಹೊರಗೆ ಬಿಟ್ಟು ಬಂದು ಹಲಗೆಯ ಮೇಲೆ ಕಾಲಿಟ್ಟ. ಟಕ್. ಖಾನೆ ತೆರೆಯಿತು. ನಾನು ಉಸಿರು ಬಿಡುವಷ್ಟರಲ್ಲಿ ಅವನ ಎಡಗೈ ಮೇಲೆದ್ದು, ಮೇಜು ಮುಟ್ಟಿ, ಕಣ್ಣಿಗೆ ಹೋಯಿತು.

ಅವನು ತಡೆಯಲು ನೋಡುತ್ತಿದ್ದದ್ದು ನನಗೆ ಕಾಣುತ್ತಿತ್ತು. ಟಕ್, ಕೈ ಅರ್ಧಕ್ಕೆ ಎದ್ದು ನಿಲ್ಲುವುದು, ಬಾಗಿಲ ಕಡೆ ಒಂದು ನೋಟ, ಮತ್ತೆ ಕಣ್ಣಿಗೆ. ತಡೆಯುವುದಕ್ಕೇ ಇನ್ನಷ್ಟು ಹೊತ್ತು ಹಿಡಿಯುತ್ತಿತ್ತು. ಹತ್ತು ನಿಮಿಷಕ್ಕೆ ಏಳು ಚೀಟಿ ಬಲಕ್ಕೆ ಬಂದಿದ್ದವು. ಸಾಹೇಬರು ಗಡಿಯಾರ ನೋಡಿದರು, ಚಿಕ್ಕಪ್ಪನನ್ನು ನೋಡಿದರು, ಆಮೇಲೆ ನೋಡುವುದನ್ನೇ ಬಿಟ್ಟು ಬೇರೆ ಕಾಗದ ತೆಗೆದರು. ಅಜ್ಜಿಗೆ ಚೀಟಿ ಓದಲು ಬರುತ್ತಿರಲಿಲ್ಲ, ಗಡಿಯಾರವೂ ಅಷ್ಟಕ್ಕಷ್ಟೇ. ಆದರೆ ಸುಲಿದ ಕಾಳಿನ ಗುಡ್ಡೆ, ಸುಲಿಯದ ಕಾಯಿಯ ಗುಡ್ಡೆ ಎರಡನ್ನೂ ಒಂದೇ ನೋಟದಲ್ಲಿ ಅಳೆದು, ಊಟದ ಹೊತ್ತಿಗೆ ಮುಗಿಯುತ್ತದೋ ಇಲ್ಲವೋ ಎಂದು ಜೀವಮಾನವೆಲ್ಲ ಹೇಳಿದವಳು. ಅವಳ ಕಣ್ಣು ಎಡಗಡೆಯ ಗುಡ್ಡೆಗೆ ಹೋಯಿತು, ಬಲಗಡೆಗೆ ಬಂತು, ಮತ್ತೆ ಎಡಕ್ಕೆ ಹೋಯಿತು. ಸ್ಟೂಲಿನಿಂದ ಎದ್ದಳು.

"ಅಜ್ಜಿ, ಒಳಗೆ ಬರೋ ಹಾಗಿಲ್ಲ," ಎಂದರು ಸಾಹೇಬರು.

ಅವಳಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಮದುವೆಯ ಸೀರೆಯನ್ನು ಮಂಡಿಗೆ ಸೇರಿಸಿಕೊಂಡು ಮೇಜಿನ ಪಕ್ಕ ನೆಲದ ಮೇಲೆ, ಮಗನ ಕಾಲಿನ ಹತ್ತಿರ ಕೂತಳು.

"ಮುನಿರಾಜ, ನೀನು ಕೈ ಎತ್ತಬ್ಯಾಡ. ನೀನು ತುಳಿ. ನಾನು ಒತ್ಕೊತೀನಿ."

ಚಿಕ್ಕಪ್ಪನ ಕೈ ಗಾಳಿಯಲ್ಲೇ ನಿಂತಿತು. ಆಮೇಲೆ ಅಕ್ಷರಗಳ ಮೇಲೆ ಇಳಿಯಿತು. ಟಕ್. ಕೆಳಗೆ ಅಜ್ಜಿ ಹಲಗೆಯ ಅಂಚು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಟಕ್. ಒತ್ತಿಕೊಂಡಳು. ಸಾಹೇಬರು ಮೇಜಿನಾಚೆಯಿಂದ ಬಗ್ಗಿ ನೋಡಿ ನನ್ನನ್ನು ಕೇಳಿದರು.

"ಏನಮ್ಮ ಇದು?"

"ಸಾರ್, ಕಾಲು ತಾಗ್ತದಲ್ಲ ಸಾರ್, ಅದಕ್ಕೆ."

ಅವರ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಿರಬೇಕು. ತೆಗೆದ ಕಾಗದವನ್ನು ಪಕ್ಕಕ್ಕಿಟ್ಟು ಮತ್ತೆ ಗಡಿಯಾರ ನೋಡತೊಡಗಿದರು. ಎಡಗಡೆಯ ಗುಡ್ಡೆ ಇಳಿಯುತ್ತ ಬಂತು. ಹದಿನೈದು, ಹದಿನೆಂಟು, ಇಪ್ಪತ್ತೆರಡು. ಅಜ್ಜಿಯ ಕೈ ಬೀಸುವ ಕಲ್ಲಿಗೆ ಕಾಳು ಹಾಕುವ ಕೈಯ ಹಾಗೆ ಹೋಗಿ ಬರುತ್ತಿತ್ತು. ಇಪ್ಪತ್ತನಾಲ್ಕನೇ ಚೀಟಿಗೆ ಟಕ್ ಎಂದಿತು, ಖಾನೆ ತೆರೆಯಲಿಲ್ಲ. ಚಿಕ್ಕಪ್ಪ ಮತ್ತೆ ತುಳಿದ. ತೆರೆಯಲಿಲ್ಲ. ಅವನು ನನ್ನ ಕಡೆ ನೋಡಲಿಲ್ಲ, ನೋಡುವ ಅಗತ್ಯವಿರಲಿಲ್ಲ. ನಾನು ಮೇಜಿನ ಮೇಲೆ ಬಗ್ಗಿ, ಪೆಡಲಿನ ವೈರು ಮೌಸಿನೊಳಗೆ ಹೋಗುವ ಜಾಗವನ್ನು ಎರಡು ಬೆರಳಲ್ಲಿ ಹಿಡಿದು ಒಳಕ್ಕೆ ಒತ್ತಿದೆ. ಟಕ್. ತೆರೆಯಿತು. ಅಲ್ಲಿಂದ ಮುಂದೆ ಅವನ ಅಂಗೈ ಮೌಸನ್ನು ಎತ್ತ ತಳ್ಳಿದರೆ ಅತ್ತ, ಕರುವಿನ ಬಾಲ ಹಿಡಿದವಳ ಹಾಗೆ ನಾನೂ ಹೋದೆ. ಮೇಲೆ ನಾನು, ಕೆಳಗೆ ಅಜ್ಜಿ, ನಡುವೆ ಚಿಕ್ಕಪ್ಪ. ಆ ಬೆಸುಗೆ ಹಿಡಿದುಕೊಂಡಿರಲಿ ಎಂದು ಎಲ್ಲ ದೇವರಿಗೂ ಹೇಳಿಕೊಂಡೆ. ಹೆಸರು ಬಿಟ್ಟುಹೋದವರಿಗೆ ಬೇಜಾರಾಗಬಾರದೆಂದು ಎರಡನೇ ಸುತ್ತೂ ಹೇಳಿಕೊಂಡೆ. ಮೂವತ್ತನೇ ಚೀಟಿ ಬಲಕ್ಕೆ ಬಿದ್ದಾಗ ಸಾಹೇಬರು ಗಡಿಯಾರ ಕೈಗೆತ್ತಿಕೊಂಡರು. ಅರ್ಧ ನಿಮಿಷ ಉಳಿದಿತ್ತು.

ಅವರು ಚೀಟಿಗಳನ್ನು ಒಂದೊಂದಾಗಿ ಪರದೆಯ ಜೊತೆ ತಾಳೆ ನೋಡಿದರು. ಒಂದರಲ್ಲಿ ಅಂಕಿ ತಪ್ಪಿತ್ತು.

"ಸೋಮವಾರದಿಂದ ಬನ್ನಿ ಮುನಿರಾಜು," ಎಂದರು. ಆಮೇಲೆ ನೆಲದ ಕಡೆ ನೋಡಿ, "ಅಜ್ಜಿ ದಿನಾ ಬರೋದೇನೂ ಬೇಡ," ಎಂದರು.

"ನಾನ್ಯಾಕಪ್ಪ ಬರ್ಲಿ. ಮನೇಲಿ ಕೆಲಸ ಇಲ್ವಾ," ಎಂದು ಅಜ್ಜಿ ಮೇಜು ಹಿಡಿದು ಎದ್ದಳು.

ಚಿಕ್ಕಪ್ಪ ಆ ಸೀಟಿನಲ್ಲಿ ಈಗಲೂ ಕೂರುತ್ತಾನೆ. ಕಾಲಡಿಯ ಹಲಗೆ, ಮೇಲಿನ ಮೌಸು ಎಷ್ಟೋ ಸಲ ಬದಲಾಗಿವೆ. ಅಂದು ನಾನು ದುಂಡು ತುದಿ ಕಿತ್ತು ಚೀಲಕ್ಕೆ ತುಂಬುವಾಗ ಪೆಡಲಿನ ವೈರೊಂದು ತಾನಾಗಿಯೇ ಕಳಚಿ ನನ್ನ ಕೈಗೆ ಬಂತು. ಅದರ ತುದಿಯಲ್ಲಿ ಬೂದಿ ಬಣ್ಣದ ಸೀಸದ ಹನಿ ಹಾಗೇ ಅಂಟಿಕೊಂಡಿತ್ತು. ಯಾರಿಗೂ ತೋರಿಸಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಬಳಿ ಕೂತಿದ್ದಳು. ಕೆಲಸ ಆದ ಖುಷಿ ಅವಳ ಮುಖದಲ್ಲಿರಲಿಲ್ಲ. ಬೆರಳು ಮಡಚುತ್ತ, ಬಿಡಿಸುತ್ತ ಏನೋ ಲೆಕ್ಕ ಹಾಕುತ್ತಿದ್ದಳು. ಚಿಕ್ಕಪ್ಪ ಮುಂದಿನ ಸೀಟಿನಿಂದ ತಿರುಗಿ, ಏನವ್ವ ಎಂದು ಕೇಳಿದ.

"ಇವಳು ನಡುವೆ ಬಂದು ಬಗ್ಗಿದ್ಲಲ್ಲ, ಆಗ ಗಾಬರೀಲಿ ಎರಡು ತಪ್ಪೋಯ್ತು ಕಣ್ಲಾ."

"ಆಗ ಖಾನೇನೇ ತೆರೀಲಿಲ್ಲ ಬಿಡವ್ವ. ಲೆಕ್ಕಕ್ಕಿಲ್ಲ."

"ತೆರೀಲಿ ಬಿಡ್ಲಿ. ಕಾಲಿಟ್ಟೆಯಲ್ಲ."

ಅವಳು ನನ್ನ ತೊಡೆಯ ಮೇಲಿದ್ದ ಚೀಲದ ಬಾಯಿ ಬಿಡಿಸಿ, ಒಳಗೆ ಕೈ ಹಾಕಿ ಹಲಗೆಯನ್ನು ಹುಡುಕಿದಳು. ಅವಳ ಬೆರಳಿಗೆ ಸಿಕ್ಕಿದ್ದು ಚಪ್ಪಲಿಯ ತುಂಡೇ. ಅದು ಅವಳಿಗೂ ಗೊತ್ತಾಯಿತು. ಆದರೂ ಅದನ್ನೇ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಎರಡನೇ ಸಲವೂ ಒತ್ತಿಕೊಂಡಳು. ಕೈ ತೆಗೆದು ಸೆರಗು ಸರಿಮಾಡಿಕೊಂಡು ಕಿಟಕಿಯ ಕಡೆ ತಿರುಗಿದಳು. ಬಸ್ಸು ಒಂದು ನಿಲ್ದಾಣ ದಾಟಿತು. ನಾನು ಚೀಲದ ಬಾಯಿ ಕಟ್ಟಲು ಹೊರಟಿದ್ದೆ. ಅವಳು ನನ್ನ ಕೈ ತಡೆದು, ಮತ್ತೊಮ್ಮೆ ಒಳಗೆ ಕೈ ಹಾಕಿದಳು.

"ಇರು," ಎಂದಳು. "ಯಾತಕ್ಕೂ ಇರ್ಲಿ."